ಮಾಮನ ತೊಟ್ಟಿ, ಮಾಮೂಲಿ ನಷ್ಟ

1

ಸ್ವೈಪ್ ಮಾಡೋ ಮುಂಚೆ ಹೇಳ್ಬಿಡ್ತೀನಿ: ಈ ಸಲ ಸನ್‌ಸೆಟ್ ಇಲ್ಲ, ಕಾಫಿ ಕಪ್ ಇಲ್ಲ. ಏಳು ಫೋಟೋ, ಏಳರಲ್ಲೂ ಮೀನಿನ ತೊಟ್ಟಿ.

ಮೊದಲನೇ ಫೋಟೋದಲ್ಲಿ ಕಾಣೋ ಬೋರ್ಡು, "ಇಲ್ಲಿ ಜೀವಂತ ಮೀನು ದೊರೆಯುತ್ತದೆ", ಅದು ನಮ್ಮ ಮಾಮನ ಅಂಗಡಿಯದು. ಕೆಂಗೇರಿ ಉಪನಗರದ ಹತ್ರ ಇದೆ. ನಮ್ಮಮ್ಮನ ತಮ್ಮ. ಕ್ಲಾಸಲ್ಲಿ ಯಾರಾದ್ರೂ ಕೇಳಿದ್ರೆ ಎರಡು ವರ್ಷದಿಂದ ನಾನು "ಮಾಮಂದು ಫುಡ್ ಬಿಸಿನೆಸ್" ಅಂತಾನೇ ಹೇಳ್ಕೊಂಡು ಬಂದಿದ್ದೀನಿ. ಭಾನುವಾರ ವಿಜಯನಗರದಲ್ಲಿ ಮೆಟ್ರೋ ಹತ್ತಿ ಕೆಂಗೇರಿಗೆ ಹೋಗ್ತೀನಿ, ಮಧ್ಯಾಹ್ನದವರೆಗೆ ಗಲ್ಲಾ ನೋಡ್ಕೋತೀನಿ. ವಾಪಸ್ ಬರುವಾಗ ಲೇಡೀಸ್ ಬೋಗಿಯ ಮೂಲೇಲಿ, ಬಾಗಿಲಿಗೆ ಅಂಟಿಕೊಂಡು ನಿಲ್ತೀನಿ. ಯಾಕೆ ಅಂತ ಈಗ ನಿಮಗೆ ಗೊತ್ತಾಯ್ತಲ್ಲ. ನಿಂಬೆಹಣ್ಣು ಉಜ್ಜಿದ್ರೂ ಕೈ ವಾಸನೆ ಪೂರ್ತಿ ಹೋಗಲ್ಲ.

ಅಂಗಡಿ ದೊಡ್ಡದೇನಲ್ಲ. 500 ಲೀಟರಿನ ಎರಡು ಸಿಮೆಂಟ್ ತೊಟ್ಟಿ, ಪಕ್ಕದಲ್ಲಿ ಒಂದು ನೀಲಿ ಡ್ರಮ್ಮು, ತಕ್ಕಡಿ, ಮಚ್ಚು, ಮರದ ಕೊರಡು. ವಾರಕ್ಕೆ ನಾಲ್ಕು ದಿನ ಮದ್ದೂರು ಕಡೆಯ ಕೊಳಗಳಿಂದ ಟೆಂಪೋದಲ್ಲಿ ಮೀನು ಬರುತ್ತೆ. ಕಾಟ್ಲಾ, ರೋಹು, ಗೆಂಡೆ, ಜಿಲೇಬಿ. ಸಲಕ್ಕೆ ಸುಮಾರು 40 ಕಿಲೋ. ಕೊಳದ ಹತ್ರ ಕಿಲೋ 140 ರೂಪಾಯಿ. ಅಂಗಡೀಲಿ ಉಸಿರಾಡ್ತಿದ್ರೆ 220, ಕಣ್ಮುಂದೆ ಸತ್ತಿದ್ರೆ 120. ಸತ್ತು ಎಷ್ಟು ಹೊತ್ತಾಯ್ತೋ ಗೊತ್ತಿಲ್ಲ ಅಂದ್ರೆ ಸೊನ್ನೆ. ಕೊನೇದು ಮಾಮನ ರೂಲ್ಸು.

2

ಎರಡನೇ ಫೋಟೋ ನೋಡೋಕೆ ಚೆನ್ನಾಗಿಲ್ಲ. ಬೇಡ ಅನ್ನೋರು ಮುಂದಕ್ಕೆ ಹೋಗಿ.

ಕಳೆದ ಯುಗಾದಿ. ಮಾರನೇ ದಿನ ಹೊಸತೊಡಕು, ನಮ್ಮ ಕಡೆ ಮೈಸೂರು ರಸ್ತೆ ಉದ್ದಕ್ಕೂ ಮಾಂಸದಂಗಡಿ ಮುಂದೆ ಬೆಳಗಿನ ಜಾವದಿಂದ ಕ್ಯೂ ನಿಲ್ಲುತ್ತೆ ಅಂತ ಗೊತ್ತಲ್ಲ. ಮಟನ್ ರೇಟು ನೋಡಿ ಮೀನಿನ ಕಡೆ ತಿರುಗೋರೂ ಇರ್ತಾರೆ. ಅಂಥವರಿಗೋಸ್ಕರ ಮಾಮ ಹಬ್ಬದ ಸಂಜೇನೇ ಹೋಗಿ 45 ಕಿಲೋ ತಂದು ತೊಟ್ಟಿ ತುಂಬಿಸಿದ್ದ. ರಾತ್ರಿ 2 ಗಂಟೆ ಸುಮಾರಿಗೆ ಕರೆಂಟ್ ಹೋಗಿದೆ. ಗಾಳಿ ಬಿಡೋ ಮೋಟಾರು ನಿಂತಿದೆ. 4:30ಕ್ಕೆ ಕರೆಂಟ್ ಬಂದು ಮತ್ತೆ ಓಡಿದೆ. ಅಷ್ಟರಲ್ಲಿ ಎಲ್ಲ ಮುಗಿದುಹೋಗಿತ್ತು.

ಬೆಳಿಗ್ಗೆ 5:30ಕ್ಕೆ ಶಟರ್ ಎತ್ತಿದಾಗ ನಾನೂ ಜೊತೆಗಿದ್ದೆ. ಗುಳುಗುಳು ಸದ್ದು ಎಂದಿನಂತೆಯೇ ಇತ್ತು, ಗುಳ್ಳೆ ಏಳ್ತಿತ್ತು, ಆ ಗುಳ್ಳೆ ನಡುವೆ ಬಿಳೀ ಹೊಟ್ಟೆಗಳು ಮೇಲಾಗಿ ತೇಲ್ತಿದ್ವು. ಎಲ್ಲದರ ಬಾಯೂ ತೆರೆದಿತ್ತು. ಮಾಮ ಏನೂ ಮಾತಾಡಲಿಲ್ಲ. ಕೈ ಹಾಕಿ ಒಂದು ಕಾಟ್ಲಾ ಎತ್ತಿ ಕಿವಿರು ಬಿಡಿಸಿ ನೋಡಿದ, ಮತ್ತೆ ನೀರಿಗೇ ಬಿಟ್ಟ.

ಪಕ್ಕದವರೊಬ್ಬರು ಬಂದು, "ಐಸ್ ಹಾಕು ಕಣಯ್ಯ, ಹಬ್ಬದ ದಿನ ಯಾರು ಕೇಳ್ತಾರೆ, 150ರಂಗೆ ಬಿಟ್ಬಿಡು" ಅಂದ್ರು. ಸುಳ್ಳು ಯಾಕೆ ಹೇಳ್ಲಿ, ಮಾಮ ಐಸ್ ತರಿಸಿದ. ಅರ್ಧ ಮೀನನ್ನು ಟ್ರೇಗೆ ಜೋಡಿಸಿಯೂ ಆಗಿತ್ತು. ಆಗ ಉಪನಗರದ ಒಬ್ಬ ಅಜ್ಜಿ, ಪ್ರತಿ ಭಾನುವಾರ ಬರೋರು, ಚೀಲ ಹಿಡ್ಕೊಂಡು ಬಂದು ತೊಟ್ಟಿ ಕಡೆ ನೋಡದೇನೇ, "ಉಸಿರಾಡೋದು ಒಂದೂವರೆ ಕಿಲೋದ್ದು ಕೊಡಪ್ಪ" ಅಂದ್ರು. ಮಾಮ ಟ್ರೇ ಮೇಲೆ ಗೋಣಿಚೀಲ ಎಳೆದು, "ಇವತ್ತು ಇಲ್ಲಮ್ಮ" ಅಂದ. ಒಂಬತ್ತು ಗಂಟೆಗೆ ಶಟರ್ ಎಳೆದ್ವಿ. ಮೀನೆಲ್ಲ ಅತ್ತೆಯ ತವರಿನ ತೆಂಗಿನ ಗುಂಡಿಗೆ ಹೋಯ್ತು. ಹಾಕಿದ ದುಡ್ಡು 6,300. ಬರಬೇಕಿದ್ದದ್ದು 9,900.

3

ಆ ದಿನ ಸಾಯದೇ ಉಳಿದವೂ ಇದ್ವು. ಮೂರನೇ ಫೋಟೋದಲ್ಲಿರೋ ಆರು ಕೊರವ ಮೀನು. ಹಾವಿನ ತಲೆ ಥರ ಮುಖ, ಮೈಮೇಲೆ ಕಪ್ಪು ಪಟ್ಟೆ. ಬೇರೆ ಮೀನನ್ನು ತಿಂದುಬಿಡ್ತವೆ ಅಂತ ಅವನ್ನ ಡ್ರಮ್ಮಲ್ಲಿ ಬೇರೆ ಇಟ್ಟಿರ್ತೀವಿ. ಡ್ರಮ್ಮಿಗೂ ಅದೇ ಮೋಟಾರಿನ ಪೈಪು. ಅದರ ಗಾಳಿಯೂ ಅಷ್ಟೇ ಹೊತ್ತು ನಿಂತಿತ್ತು. ಆದ್ರೂ ಆರೂ ತಣ್ಣಗೆ ಮಲಗಿದ್ವು. ನಡುನಡುವೆ ಮೇಲೆ ಬಂದು ಗುಟುಕು ಗಾಳಿ ಕುಡಿದು ಕೆಳಗೆ ಹೋಗ್ತಿದ್ವು.

ಕೊರವ ಮೀನು ಕಿವಿರಿನ ಜೊತೆಗೆ ನೇರವಾಗಿ ಹೊರಗಿನ ಗಾಳಿಯಿಂದಲೂ ಉಸಿರಾಡುತ್ತೆ, ತಲೆಯೊಳಗೆ ಅದಕ್ಕಂತಲೇ ಜಾಗ ಇದೆ. ಕಾಟ್ಲಾ, ರೋಹುಗೆ ಅದಿಲ್ಲ. ಮೀನಿಗೇನೋ ರೋಗ ಇತ್ತು, ಯಾರೋ ಕಣ್ಣು ಹಾಕಿದ್ರು ಅಂತ ಮನೇಲಿ ಮಾತಾಡ್ತಿದ್ರಲ್ಲ, ಈ ಆರು ಮೀನು ನೋಡಿದ ಮೇಲೆ ನನಗೆ ಅನುಮಾನ ಉಳೀಲಿಲ್ಲ. ಅವು ಉಸಿರುಗಟ್ಟಿ ಸತ್ತಿದ್ವು.

ಲೆಕ್ಕ ಹಾಕಿ ನೋಡಿ. ನಾವು ಉಸಿರಾಡೋ ಗಾಳಿಯಲ್ಲಿ 100ಕ್ಕೆ 21 ಪಾಲು ಆಕ್ಸಿಜನ್. ನೀರಲ್ಲಿ? 20 ಡಿಗ್ರಿ ಬಿಸಿ ಇದ್ರೆ ಒಂದು ಲೀಟರಿಗೆ ಸುಮಾರು 9 ಮಿಲಿಗ್ರಾಂ ಹಿಡಿಯುತ್ತೆ, 30 ಡಿಗ್ರಿಗೆ ಏಳೂವರೆ ಚಿಲ್ಲರೆ. ಅದೂ ಸಮುದ್ರ ಮಟ್ಟದಲ್ಲಿ. ನಮ್ಮ ಬೆಂಗಳೂರು ಸುಮಾರು 900 ಮೀಟರ್ ಎತ್ತರದಲ್ಲಿದೆ, ಇಲ್ಲಿ ಗಾಳಿಯ ಒತ್ತಡ ಕಡಿಮೆ, ಹಾಗಾಗಿ ಹತ್ತರಲ್ಲಿ ಒಂದು ಪಾಲು ಇನ್ನೂ ಕಡಿಮೆ. ಮಂಗಳೂರಿನ ಮೀನಂಗಡಿಯವರಿಗೆ ಇರೋ ಅನುಕೂಲ ಕೆಂಗೇರಿಗೆ ಇಲ್ಲ! ನಮ್ಮ ತೊಟ್ಟಿಗೆ ಲೀಟರಿಗೆ 7 ಮಿಲಿಗ್ರಾಂ ಅಂತ ಇಟ್ಕೊಳ್ಳಿ. ಎರಡೂ ತೊಟ್ಟಿ ಸೇರಿ 1,000 ಲೀಟರ್, ಅಂದ್ರೆ ಒಟ್ಟು 7 ಗ್ರಾಂ ಆಕ್ಸಿಜನ್. ಗಾಬರಿಯಾದ ಮೀನು ಕಿಲೋಗೆ, ಗಂಟೆಗೆ ಅಂದಾಜು 300 ಮಿಲಿಗ್ರಾಂ ಎಳೆದುಕೊಳ್ಳುತ್ತೆ. 45 ಕಿಲೋಗೆ 13 ಗ್ರಾಂ ದಾಟುತ್ತೆ. ಮೋಟಾರು ನಿಂತ ಅರ್ಧ ಗಂಟೆಗೆ ಬ್ಯಾಲೆನ್ಸು ನಿಲ್. ಕರೆಂಟ್ ಹೋಗಿದ್ದು ಎರಡೂವರೆ ಗಂಟೆ.

2016ರ ಮಾರ್ಚಲ್ಲಿ ಹಲಸೂರು ಕೆರೆ ದಡದಲ್ಲಿ ಸಾವಿರಾರು ಮೀನು ಸತ್ತು ತೇಲಿದ ಫೋಟೋ ನೋಡಿರ್ತೀರಿ. ಆಗ ನಾನು ಪ್ರೈಮರಿ ಸ್ಕೂಲಲ್ಲಿದ್ದೆ. ಕೊಳಚೆ ಸೇರಿ ನೀರಲ್ಲಿ ಆಕ್ಸಿಜನ್ ಕುಸಿದು ಆಗಿದ್ದದು. ಅಷ್ಟು ದೊಡ್ಡ ಕೆರೆಗೇ ಹಾಗಾದ್ರೆ ಮಾಮನ ತೊಟ್ಟಿ ಯಾವ ಲೆಕ್ಕ.

4

ಈಗ ನಾಲ್ಕನೇ ಫೋಟೋ, ಸ್ಕ್ರೀನ್‌ಶಾಟ್. ಮೀನಂಗಡಿಗೆ ತೊಟ್ಟಿ ಹೇಗಿರಬೇಕು ಅಂತ ರಾತ್ರಿಯೆಲ್ಲ ಯೂಟ್ಯೂಬಲ್ಲಿ ಹುಡುಕ್ತಾ ಹುಡುಕ್ತಾ ನಾನು ಅಮೆರಿಕದ ಗಾಳದ ದೋಣಿಗಳಿಗೆ ಹೋಗಿ ಬಿದ್ದೆ. ಅಲ್ಲಿ ಶೋಕಿಗೆ ಸಮುದ್ರದಲ್ಲಿ ಗಾಳ ಹಾಕೋ ದೋಣಿಗಳಲ್ಲಿ "ಲೈವ್‌ವೆಲ್" ಅಂತ ಒಂದು ತೊಟ್ಟಿ ಇರುತ್ತೆ. ಅದರೊಳಗಿನ ಮೀನು ತಿನ್ನೋಕಲ್ಲ, ದೊಡ್ಡ ಮೀನಿಗೆ ಗಾಳಕ್ಕೆ ಚುಚ್ಚೋ ಸಣ್ಣ ಮೀನು. ಸತ್ತದ್ದನ್ನ, ಸುಸ್ತಾದದ್ದನ್ನ ದೊಡ್ಡ ಮೀನು ಮೂಸಿಯೂ ನೋಡಲ್ವಂತೆ. ಅದಕ್ಕೇ ಆ ಬೆರಳುದ್ದದ ಮೀನುಗಳಿಗೆ ರಾಜಮರ್ಯಾದೆ. ನಮ್ಮಲ್ಲಿ ಗಾಳ ಅಂದ್ರೆ ಎರೆಹುಳ. ಕಾವೇರಿಯ ಬಿಳಿಮೀನಿಗೆ, ಅದೇ ಮಹಶೀರ್‌ಗೆ, ಗಾಳದವರು ಕಟ್ಟೋದು ರಾಗಿಹಿಟ್ಟಿನ ಉಂಡೆ. ಹಿಟ್ಟಿಗೆ ಆಕ್ಸಿಜನ್ ಬೇಡ, ಹಾಗಾಗಿ ನಮಗೆ ಈ ವಿದ್ಯೆ ಬೇಕಾಗಿರಲಿಲ್ಲವೇನೋ. ಲಕ್ಷದ್ವೀಪದ ಮಿನಿಕಾಯ್‌ನೋರಿಗೆ ಬೇಕಾಗಿತ್ತು. ಅಲ್ಲಿ ಟ್ಯೂನಾ ಹಿಡಿಯೋ ಹಳೇ ದೋಣಿಗಳಲ್ಲಿ ಮೀನು ಇಡೋ ಭಾಗದ ತಳಕ್ಕೆ ತೂತು ಇರ್ತಿತ್ತು. ಸಮುದ್ರದ ನೀರು ಒಳಗೆ ಬರೋದು, ಆಳುಗಳು ಅದನ್ನ ಎತ್ತಿ ಎತ್ತಿ ಹೊರಗೆ ಚೆಲ್ಲೋರು. ಮೋಟಾರಿಲ್ಲ, ಬ್ಯಾಟರಿಯಿಲ್ಲ, ಬರೀ ತೋಳು.

ಅಮೆರಿಕದ ವಿಡಿಯೋಗಳಲ್ಲಿ ಎಲ್ಲರೂ ತಿರುಗಿ ತಿರುಗಿ ಅದೇ ನಾಲ್ಕೈದು ಮಾತು ಹೇಳ್ತಿದ್ರು. ತೊಟ್ಟಿಗೆ ಮೂಲೆ ಇರಬಾರದು, ಮೀನು ಮೂಲೇಲಿ ಗುಂಪಾಗಿ ಮೂತಿ ಜಜ್ಜಿಕೊಳ್ಳುತ್ತೆ. ನೀರು ಕಂಠಮಟ್ಟ ತುಂಬಿರಬೇಕು, ಅರ್ಧ ತುಂಬಿದ್ರೆ ಕುಲುಕಿ ಕುಲುಕಿ ಸಾಯಿಸುತ್ತೆ. ಹಳೇ ನೀರು ಹೋಗಿ ಹೊಸ ನೀರು ಬರ್ತಿರಬೇಕು. ಮುಚ್ಚಳ ಬಿಗಿಯಾಗಿ ಹಾಕಿದ್ರೆ ಮೀನು ಬಿಟ್ಟ ಕಾರ್ಬನ್ ಡೈಆಕ್ಸೈಡ್ ಅಲ್ಲೇ ಉಳಿಯುತ್ತೆ, ಸಿಲಿಂಡರಿಂದ ಎಷ್ಟೇ ಆಕ್ಸಿಜನ್ ಬಿಟ್ರೂ ಪ್ರಯೋಜನ ಇಲ್ಲ. ಬಿಸಿಲು ಬೀಳಬಾರದು. ಒಂದೊಂದು ಕೇಳ್ತಾ ಹೋದ ಹಾಗೆ ಮಾಮನ ಅಂಗಡಿ ಕಣ್ಮುಂದೆ ಬರ್ತಿತ್ತು. ಚೌಕ ತೊಟ್ಟಿ. ಟೆಂಪೋದಲ್ಲಿ ಮುಕ್ಕಾಲು ತುಂಬಿದ ಚೌಕ ಟ್ಯಾಂಕು, ಮೇಲೆ ಬಿಗಿ ಮುಚ್ಚಳ. ಮಧ್ಯಾಹ್ನ ಪಶ್ಚಿಮದ ಬಿಸಿಲು ನೇರ ನೀರಿನ ಮೇಲೆ.

5

ಮಾಮನಿಗೆ ಹೇಳಿದ್ರೆ, "ಹತ್ತಕ್ಕೆ ಒಂದು ಹೋಗೋದು ಮಾಮೂಲಿ ಪುಟ್ಟಿ. ಹದಿನಾಲ್ಕು ವರ್ಷದಿಂದ ನೋಡ್ತಿದ್ದೀನಿ. ಕರೆಂಟ್ ಹೋಗಿದ್ದು ಗ್ರಹಚಾರ" ಅಂದ.

ಬಿಕಾಂನವರೇ, ಕಾಸ್ಟ್ ಅಕೌಂಟಿಂಗ್ ಕ್ಲಾಸಲ್ಲಿ ನಿದ್ದೆ ಮಾಡಿರದಿದ್ರೆ ನಿಮಗೆ ಈಗ ಒಂದು ಗಂಟೆ ಬಾರಿಸಿರಬೇಕು. ನಾರ್ಮಲ್ ಲಾಸ್, ಅಬ್ನಾರ್ಮಲ್ ಲಾಸ್. ಆಗೇ ಆಗೋ ನಷ್ಟವನ್ನ ಉಳಿದ ಒಳ್ಳೇ ಮಾಲಿನ ಮೇಲೆ ಹಾಕ್ತೀವಿ. ಆಗಬಾರದಿದ್ದ ನಷ್ಟವನ್ನ ಬೇರೆ ಖಾತೆಗೆ ತೆಗೀತೀವಿ. 40 ಕಿಲೋಗೆ 5,600 ಕೊಟ್ಟು ತಂದು 4 ಕಿಲೋ "ಮಾಮೂಲಿ" ಅಂತ ಬಿಟ್ರೆ, ಉಳಿದ 36 ಕಿಲೋ ಆ ಭಾರ ಹೊರುತ್ತೆ: 140ರ ಮೀನು 155 ರೂಪಾಯಿ 56 ಪೈಸೆ ಆಗುತ್ತೆ. ಆ 15 ರೂಪಾಯಿ ಚಿಲ್ಲರೆ ಕೊಡೋದು ಚೀಲ ಹಿಡ್ಕೊಂಡು ಬರೋ ಅಜ್ಜಿ. ಪರೀಕ್ಷೇಲಿ ಈ ಸಮಸ್ಯೆ ಬಿಡಿಸಿ ನಾನು ಪೂರ್ತಿ ಅಂಕ ತಗೊಂಡಿದ್ದೆ. ಆದ್ರೆ ಪ್ರಶ್ನೆಪತ್ರಿಕೇಲಿ ನಾರ್ಮಲ್ ಲಾಸ್ ಶೇ. 10 ಅಂತ ಕೊಟ್ಟೇ ಇರ್ತಾರೆ. ಆ ಹತ್ತನ್ನ ಯಾರು, ಯಾವಾಗ, ಏನು ನೋಡಿ ನಿರ್ಧಾರ ಮಾಡಿದ್ರು ಅಂತ ಕೇಳೋ ಪ್ರಶ್ನೆ ಬರಲ್ಲ.

ಅದಕ್ಕೆ ಒಂದು 40 ಪೇಜಿನ ನೋಟ್‌ಬುಕ್ ತಂದೆ. ಐದನೇ ಫೋಟೋ ಅದೇ, ನೀರು ಬಿದ್ದು ಉಬ್ಬಿದೆ. ಬಂದದ್ದು ಎಷ್ಟು, ಸತ್ತದ್ದು ಎಷ್ಟು, ಎಷ್ಟು ಹೊತ್ತಿಗೆ, ಯಾವ ನೀರು. ಕಾಲೇಜಿರೋ ದಿನ ಅತ್ತೆ ಬರೀತಿದ್ರು. ಮೂರು ವಾರ, 12 ಲೋಡು, 480 ಕಿಲೋ. ಸತ್ತದ್ದು 47 ಕಿಲೋ. ನೋಡಿ, ಮಾಮ ಹೇಳಿದ ಹತ್ತಕ್ಕೆ ಒಂದು ಸರಿಯಾಗೇ ಇದೆ! ಆದ್ರೆ ಅವು ದಿನಕ್ಕಿಷ್ಟು ಅಂತ ಸಮವಾಗಿ ಸತ್ತಿರಲಿಲ್ಲ. 19 ಕಿಲೋ ಟೆಂಪೋ ಬಂದ ಎರಡು ಗಂಟೆಯೊಳಗೆ. 15 ಕಿಲೋ ತೊಟ್ಟಿಗೆ ಹೊಸದಾಗಿ ನಲ್ಲಿ ನೀರು ಬಿಟ್ಟ ದಿನ. 9 ಕಿಲೋ ರಾತ್ರಿ. ಯಾವ ಕಾರಣಾನೂ ಗೊತ್ತಿಲ್ಲದೆ ಹೋದದ್ದು ಬರೀ 4.

ನಾಲ್ಕು ಕಿಲೋ. ಮಾಮೂಲಿ ಅನ್ನೋ ಹೆಸರು ಅದಕ್ಕೆ ಮಾತ್ರ ಸಲ್ಲಬೇಕಿತ್ತು. ನೋಟ್‌ಬುಕ್ ತೋರಿಸಿದಾಗ ಮಾಮ ತುಂಬಾ ಹೊತ್ತು ನಲ್ಲಿ ನೀರಿನ ಸಾಲನ್ನೇ ನೋಡ್ತಿದ್ದ. "ತೊಟ್ಟಿ ತೊಳೆದು ಫ್ರೆಶ್ ನೀರು ಬಿಡ್ತಿದ್ನಲ್ಲೇ, ಮೀನು ಚೆನ್ನಾಗಿರ್ಲಿ ಅಂತ" ಅಂದ.

ನಮ್ಮ ನಲ್ಲಿಗೆ ಬರೋದು ಕಾವೇರಿ ನೀರು. ಸುಮಾರು 100 ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಲ್ಲಿ ಶುದ್ಧ ಮಾಡಿ, ಕ್ಲೋರಿನ್ ಸೇರಿಸಿ ಕಳಿಸ್ತಾರೆ. ನಾವು ಕುಡಿಯೋಕೆ ಕ್ಲೋರಿನ್ ಬೇಕೇ ಬೇಕು. ಮೀನಿನ ಕಿವಿರಿಗೆ ಅದೇ ಕ್ಲೋರಿನ್ ಸ್ವಲ್ಪ ಇದ್ರೂ ಸುಡುತ್ತೆ. ಮನೇಲಿ ಅಕ್ವೇರಿಯಂ ಇರೋರಿಗೆಲ್ಲ ಗೊತ್ತಿರೋ ವಿಷಯ, ಹದಿನಾಲ್ಕು ವರ್ಷ ಮೀನು ಮಾರಿದ ಮಾಮನಿಗೆ ಯಾರೂ ಹೇಳಿರಲಿಲ್ಲ.

6

ಸರಿ, ಏನೇನು ಮಾಡಿದ್ವಿ.

ನೀರು ಮೊದಲು. ಹಿಂದಿನ ದಿನವೇ ಡ್ರಮ್ಮುಗಳಲ್ಲಿ ನೀರು ಹಿಡಿದು, ಬಾಯಿ ತೆರೆದಿಟ್ಟು, ಗಾಳಿ ಬಿಟ್ಟು ಒಂದು ದಿನ ಬಿಡ್ತೀವಿ. ಕ್ಲೋರಿನ್ ಹಾರಿಹೋಗುತ್ತೆ. ಬೋರ್‌ವೆಲ್ ನೀರಾದ್ರೂ ಹಾಗೇ ಬಿಡಬಾರದು, ನೆಲದೊಳಗಿಂದ ಬರುವಾಗ ಅದರಲ್ಲಿ ಆಕ್ಸಿಜನ್ ಕಡಿಮೆ ಇರಬಹುದು. ಇದಕ್ಕೆ ಆದ ಖರ್ಚು ಸೊನ್ನೆ, ಡ್ರಮ್ಮು ಇದ್ವು.

ಆಮೇಲೆ ಬ್ಯಾಟರಿ. 12 ವೋಲ್ಟಿನ 35 ಆಂಪಿಯರ್-ಅವರ್ ಬ್ಯಾಟರಿ, ಅದರಿಂದ ಓಡೋ ಎರಡು ಸಣ್ಣ ಗಾಳಿ ಪಂಪು, ಎರಡೂ ಸೇರಿ 18 ವ್ಯಾಟು. ಬ್ಯಾಟರಿ ಅರ್ಧ ಖಾಲಿಯಾಗೋವರೆಗೂ ಓಡಿಸಿದ್ರೆ ಹನ್ನೊಂದು ಗಂಟೆ ಬರುತ್ತೆ. ಕರೆಂಟ್ ಹೋದ ತಕ್ಷಣ ತಾನೇ ಆನ್ ಆಗೋ ರಿಲೇ ಹಾಕಿಸಿದ್ವಿ. ಹಳೇ ದಪ್ಪ ಗುಳ್ಳೆಯ ಕಲ್ಲು ತೆಗೆದು ಸಣ್ಣ ಗುಳ್ಳೆ ಬಿಡೋ ಕಲ್ಲು ಹಾಕಿದ್ವಿ. ಗುಳ್ಳೆ ಸಣ್ಣದಾದಷ್ಟೂ ನೀರಿಗೆ ತಾಗೋ ಮೈ ಜಾಸ್ತಿ, ಮೇಲೇರೋದೂ ನಿಧಾನ.

ಒಂದು ಸಿಮೆಂಟ್ ತೊಟ್ಟಿ ಬದಲು ದುಂಡನೆಯ ಫೈಬರ್ ತೊಟ್ಟಿ, ಸೆಕೆಂಡ್ ಹ್ಯಾಂಡು. ಇನ್ನೊಂದರ ಮೂಲೆಗಳನ್ನ ಮಾಮನೇ ಸಿಮೆಂಟ್ ಕಲಸಿ ಬಟ್ಟಲಿನ ಹಾಗೆ ದುಂಡಗೆ ಮಾಡಿದ. ಮೇಲೆ ಹಸಿರು ನೆರಳುಬಟ್ಟೆ. ಹಗ್ಗದ ಗಂಟು ಬಲೆ ಬಿಟ್ಟು ಮೆತ್ತನೆ ಬಲೆ, ಮೈಮೇಲಿನ ಲೋಳೆ ಕಿತ್ತುಹೋಗಬಾರದಲ್ಲ. ಕೊಳದವರಿಗೆ ಫೋನ್ ಮಾಡಿ ಮೀನು ಹಿಡಿಯೋ ಹಿಂದಿನ ದಿನ ಮೇವು ಹಾಕಬೇಡಿ ಅಂತ ಕೇಳ್ಕೊಂಡ್ವಿ. ಹೊಟ್ಟೆ ಖಾಲಿ ಇದ್ರೆ ದಾರೀಲಿ ನೀರು ಕೊಳೆಯಾಗೋದು, ಅಮೋನಿಯಾ ಸೇರೋದು ಕಡಿಮೆ. "ತೂಕ ಕಮ್ಮಿ ಬರುತ್ತಲ್ಲ" ಅಂತ ಅವರು ಗೊಣಗಿದ್ರು. ಗೊಣಗ್ಲಿ.

ಉಪ್ಪಿನ ವಿಷಯಕ್ಕೆ ಮಾಮ ಬಿದ್ದೂ ಬಿದ್ದೂ ನಕ್ಕ. ಲೀಟರಿಗೆ 3 ಗ್ರಾಂ, 500 ಲೀಟರಿಗೆ ಒಂದೂವರೆ ಕಿಲೋ ಕಲ್ಲುಪ್ಪು. ಸಿಹಿನೀರಿನ ಮೀನಿನ ರಕ್ತ ಅದು ಈಜೋ ನೀರಿಗಿಂತ ಉಪ್ಪು. ಮೀನು ಬೆದರಿದಾಗ ಮೈಯೊಳಗಿನ ಉಪ್ಪು ಸೋರಿಹೋಗುತ್ತೆ, ನೀರಲ್ಲೂ ಸ್ವಲ್ಪ ಉಪ್ಪಿದ್ರೆ ಸುಧಾರಿಸಿಕೊಳ್ಳುತ್ತೆ. "ಬದುಕಿರುವಾಗ್ಲೇ ಉಪ್ಪು ಹಾಕ್ತಿದ್ದೀಯಲ್ಲೇ, ಮಸಾಲೆ ಯಾವಾಗ?" ಅಂದ.

ನನ್ನ ತಪ್ಪೂ ಬರೀಬೇಕು. ಒಂದು ಮಧ್ಯಾಹ್ನ ನೀರು 29 ಡಿಗ್ರಿ ತೋರಿಸ್ತಿತ್ತು. ತಣ್ಣಗಾದ್ರೆ ಆಕ್ಸಿಜನ್ ಜಾಸ್ತಿ ಹಿಡಿಯುತ್ತೆ ಅಂತ ಓದಿದ್ದೆನಲ್ಲ, ಮಾಮ ಊಟಕ್ಕೆ ಹೋದಾಗ ಐಸ್ ಗಡ್ಡೆ ತಂದು ಹಾಕಿಬಿಟ್ಟೆ. ಹತ್ತು ನಿಮಿಷಕ್ಕೆ 21. ನಾಲ್ಕು ರೋಹು ಓರೆಯಾಗಿ ಸುತ್ತಿ ಸುತ್ತಿ ಸತ್ತವು. ದಿಢೀರ್ ಅಂತ ಎಂಟು ಡಿಗ್ರಿ ಇಳಿಸಬಾರದು ಅನ್ನೋ ಸಾಲೂ ಅದೇ ವಿಡಿಯೋದಲ್ಲಿತ್ತು, ನಾನು ಅಲ್ಲಿವರೆಗೆ ನೋಡಿರಲಿಲ್ಲ. ಈಗ ನೀರಿನ ಬಾಟಲಿ ಫ್ರೀಜ್ ಮಾಡಿ, ಮುಚ್ಚಳ ಹಾಕಿಯೇ ಒಂದೊಂದಾಗಿ ತೇಲಿಬಿಡ್ತೀವಿ. ನೋಟ್‌ಬುಕ್ಕಲ್ಲಿ ಆ ದಿನದ ಕಾರಣದ ಜಾಗದಲ್ಲಿ ಅತ್ತೆ ನನ್ನ ಹೆಸರು ಬರೆದಿದ್ದಾರೆ. ಆರನೇ ಫೋಟೋ. ಹೆಸರಿನ ಮೇಲೆ ಬೆರಳು ಇಟ್ಟು ತೆಗೆದಿದ್ದೀನಿ.

7

ದುಡ್ಡು. ಬ್ಯಾಟರಿ 3,800, ಪಂಪು ಎರಡಕ್ಕೆ 2,800, ಫೈಬರ್ ತೊಟ್ಟಿ 4,500, ಕಲ್ಲು, ಪೈಪು, ರಿಲೇ 650, ನೆರಳುಬಟ್ಟೆ, ಬಲೆ 900, ಥರ್ಮಾಮೀಟರ್, ನೀರು ಪರೀಕ್ಷೆ ಕಿಟ್ 750. ಒಟ್ಟು 13,400. "ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂಗೆ" ಅಂತ ಅಮ್ಮ ಬೈದ್ರು, ಯಾಕಂದ್ರೆ ಅದರಲ್ಲಿ 5,000 ನನ್ನ ಸ್ಕಾಲರ್‌ಶಿಪ್ ದುಡ್ಡು.

ಎಲ್ಲ ಆದ ಮೇಲಿನ ನಾಲ್ಕು ವಾರ: 640 ಕಿಲೋ ಬಂತು, ಸತ್ತದ್ದು 21 ಕಿಲೋ, ನನ್ನ ರೋಹುಗಳೂ ಸೇರಿ. ಮುಂಚೆ ವಾರಕ್ಕೆ ಹದಿನೈದೂವರೆ ಕಿಲೋ ಮೇಲೆ ಹೋಗ್ತಿತ್ತು, ಈಗ ಐದು ಚಿಲ್ಲರೆ. ಉಳಿದ ಕಿಲೋಗೆ 100 ರೂಪಾಯಿ ಅಂತ ಬಿಗಿಯಾಗಿ ಹಿಡಿದ್ರೂ ಹಾಕಿದ ದುಡ್ಡು ಹದಿಮೂರು ವಾರಕ್ಕೆ ವಾಪಸ್ ಬರಬೇಕು. ಇನ್ನೂ ಬಂದಿಲ್ಲ. ಬಂದ್ರೆ ಹೇಳ್ತೀನಿ.

ಕಳೆದ ವಾರ ರಾತ್ರಿ ಮತ್ತೆ ಕರೆಂಟ್ ಹೋಗಿತ್ತಂತೆ, ಮೂರು ಗಂಟೆ. ಬೆಳಿಗ್ಗೆ ಮಾಮ ಹೇಳೋವರೆಗೂ ನಮಗ್ಯಾರಿಗೂ ಗೊತ್ತೇ ಆಗಿರಲಿಲ್ಲ. ಅವನಿಗೆ ಗೊತ್ತಾಗಿದ್ದು ಹೇಗೆ ಅಂದ್ರೆ, ಎಚ್ಚರವಾಗಿ ಸ್ಕೂಟರ್ ತಗೊಂಡು ಅಂಗಡಿಗೆ ಹೋಗಿದ್ದಾನೆ. ಕತ್ತಲಲ್ಲಿ ಪಂಪಿನ ಸದ್ದು ಕೇಳ್ತಾ ಕರೆಂಟ್ ಬರೋವರೆಗೂ ಅಲ್ಲೇ ಸ್ಟೂಲ್ ಮೇಲೆ ಕೂತಿದ್ದಾನೆ. "ಬ್ಯಾಟರಿ ಇದ್ಯಲ್ಲ ಮಾಮ, ಯಾಕೆ ಹೋದೆ?" ಅಂದೆ. "ಸುಮ್ನೆ" ಅಂದ.

21ರಲ್ಲಿ 13 ಕಿಲೋ ಇನ್ನೂ ಟೆಂಪೋದಲ್ಲೇ ಸಾಯ್ತಿದೆ. ಆ ಚೌಕ ಟ್ಯಾಂಕು ಹಾಗೇ ಇದೆ, ಮದ್ದೂರಿಂದ ಇಲ್ಲಿವರೆಗೆ ಪ್ರತಿ ಹಂಪಿಗೂ ಕುಲುಕುತ್ತೆ. ಕಾಮಾಕ್ಷಿಪಾಳ್ಯದ ಒಂದು ವರ್ಕ್‌ಶಾಪಲ್ಲಿ ದುಂಡನೆ ಟ್ಯಾಂಕಿಗೆ ಕೊಟೇಶನ್ ತಗೊಂಡಿದ್ದೀನಿ, ಕಂಠಮಟ್ಟ ತುಂಬಬಹುದು, ಮುಚ್ಚಳಕ್ಕೆ ಗಾಳಿಕಂಡಿ ಇರುತ್ತೆ. 18,000. ಮಾಮ ಕಾಗದ ಮಡಚಿ ಗಲ್ಲಾದಲ್ಲಿಟ್ಟು, "ಶ್ರಾವಣ ಕಳೀಲಿ" ಅಂದ. ಶ್ರಾವಣದಲ್ಲಿ ವ್ಯಾಪಾರ ಅರ್ಧಕ್ಕರ್ಧ ಬಿದ್ದುಹೋಗುತ್ತೆ, ಅವನು ಹೇಳೋದೂ ಸರಿ.

ಕೊನೇ ಫೋಟೋದಲ್ಲಿ ಒಂದೂವರೆ ಕಿಲೋ ರೋಹು ಹಿಡಿದಿರೋ ಕೈ ನನ್ನದು, ಚೀಲ ಅಜ್ಜಿಯದು. ಮೀನು ಬಾಲ ಬೀಸಿ ಇಬ್ಬರ ಮುಖಕ್ಕೂ ನೀರು ಹಾರಿಸಿದ್ದರಿಂದ ಫೋಟೋ ಮಬ್ಬಾಗಿದೆ.